ಅರವತ್ತಾರರಿಂದ ನೂರಕ್ಕೆ

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಎರಡು ಬಗೆಯ ಪ್ರೊಸೆಸರ್‌ಗಳನ್ನು ಒಂದೇ ದಿನ ಮಾರುಕಟ್ಟೆಗೆ ಬಿಟ್ಟಿತು. ಒಂದು 450 ಮೆಗಾಹರ್ಟ್ಸ್‌ನ ಪೆಂಟಿಯಂ 2, ಸಗಟು ಬೆಲೆ 669 ಡಾಲರ್. ಇನ್ನೊಂದು 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ, ಬೆಲೆ 149 ಡಾಲರ್. ಅಗ್ಗದ ಈ ಸೆಲೆರಾನನ್ನು ಆ ದುಬಾರಿ ಪೆಂಟಿಯಂನ ವೇಗಕ್ಕೆ ಏರಿಸಬಹುದು ಎಂಬ ಸುದ್ದಿ ಬೆಂಗಳೂರಿನ ಎಸ್.ಪಿ. ರಸ್ತೆಗೂ ಬೇಗನೆ ಬಂತು. ಆಗ ಕಂಪ್ಯೂಟರ್ ಅಸೆಂಬಲ್ ಮಾಡಿ ಕೊಡುವುದೇ ನನ್ನ ಕಸುಬು. ಆ ರಸ್ತೆಯ ಅಂಗಡಿಗಳ ಕಿರಿದಾದ ಮೆಟ್ಟಿಲು ಹತ್ತಿ ಇಳಿದು, ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಬಿಡಿಬಿಡಿಯಾಗಿ ಕೊಂಡು ತಂದು, ಜೋಡಿಸಿ, ಗಿರಾಕಿಯ ಮನೆಗೋ ಅಂಗಡಿಗೋ ಮುಟ್ಟಿಸಿ ಬರುತ್ತಿದ್ದೆ. ಸುದ್ದಿ ನಿಜವೇ ಆಗಿತ್ತು. ಆದರೆ ಸುದ್ದಿಯ ಜೊತೆ ಬರಬೇಕಾಗಿದ್ದ ತಿಳಿವಳಿಕೆ ಬರಲಿಲ್ಲ. ಅದನ್ನು ಯಂತ್ರಗಳ ಮುಂದೆ ಕೂತೇ ಕಲಿಯಬೇಕಾಯಿತು.

ಪ್ರೊಸೆಸರ್‌ನ ವೇಗವೆಂದರೆ ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡು ಒದಗಿಸುವ ಬಸ್ ವೇಗ, ಎಂದರೆ ಪ್ರೊಸೆಸರನ್ನು ಮೆಮೊರಿಗೂ ಉಳಿದ ಭಾಗಗಳಿಗೂ ಜೋಡಿಸುವ ದಾರಿಯ ವೇಗ, ಒಂದು. ಚಿಪ್ಪು ತನ್ನೊಳಗೆ ಅದನ್ನು ಎಷ್ಟು ಪಟ್ಟು ಮಾಡಿಕೊಳ್ಳುತ್ತದೆ ಎಂಬ ಗುಣಕ ಇನ್ನೊಂದು. 300ಎಯ ಗುಣಕ ನಾಲ್ಕೂವರೆ, ಬಸ್ 66 ಮೆಗಾಹರ್ಟ್ಸ್, ಗುಣಿಸಿದರೆ 300. ಈ ಗುಣಕವನ್ನು ಇಂಟೆಲ್ ಚಿಪ್ಪಿನೊಳಗೇ ಬೀಗ ಹಾಕಿ ಕೂರಿಸಿತ್ತು. ಕಡಿಮೆ ವೇಗದ ಚಿಪ್ಪಿನ ಮೇಲಿನ ಗುರುತು ಅಳಿಸಿ, ಹೆಚ್ಚು ವೇಗದ್ದೆಂದು ಅಚ್ಚು ಹಾಕಿ ಮಾರುವ ದಂಧೆ ಆಗ ಹಲವು ದೇಶಗಳಲ್ಲಿ ಬೆಳೆದಿತ್ತು. ಅದನ್ನು ತಡೆಯುವುದು ಈ ಬೀಗದ ಒಂದು ಉದ್ದೇಶ. ಆದರೆ ಬಸ್ ವೇಗ ಹುಟ್ಟುವುದು ಬೋರ್ಡಿನಲ್ಲಿ. ಅಲ್ಲಿಗೆ ಇಂಟೆಲ್ಲಿನ ಬೀಗ ಮುಟ್ಟುತ್ತಿರಲಿಲ್ಲ. 66ರ ಜಾಗದಲ್ಲಿ 100 ಕೊಟ್ಟರೆ ಅದೇ ನಾಲ್ಕೂವರೆ ಪಟ್ಟು 450 ಆಗುತ್ತದೆ. ಲೆಕ್ಕ ಇಷ್ಟೇ.

ಬೋರ್ಡಿನ ಮೇಲೆ ಬಸ್ ವೇಗ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಬಹುದು. ಉದ್ದುದ್ದನೆಯ ಬೆಳ್ಳಿಬಣ್ಣದ ಒಂದು ತಗಡಿನ ಡಬ್ಬಿ, ಮೇಲೆ 14.318 ಎಂಬ ಅಂಕೆ. ಅದರೊಳಗೆ ಸ್ಫಟಿಕದ ಒಂದು ತುಣುಕು ಸೆಕೆಂಡಿಗೆ ಒಂದು ಕೋಟಿ ನಲವತ್ಮೂರು ಲಕ್ಷಕ್ಕೂ ಹೆಚ್ಚು ಸಲ ಕಂಪಿಸುತ್ತಿರುತ್ತದೆ. ಈ ವಿಚಿತ್ರ ಸಂಖ್ಯೆ ಅಮೆರಿಕದ ಟೀವಿಯ ಬಣ್ಣದ ಸಂಕೇತದ ಆವರ್ತನದ ನಾಲ್ಕು ಪಟ್ಟು. 1981ರ ಮೊದಲ ಐಬಿಎಂ ಪಿಸಿಯಲ್ಲಿ ಬಳಸಿದ ಸ್ಫಟಿಕವೇ ಮುಂದೆ ಎಲ್ಲ ಬೋರ್ಡುಗಳಿಗೂ ರೂಢಿಯಾಗಿ ಉಳಿಯಿತು. ಪಕ್ಕದಲ್ಲಿರುವ ಕ್ಲಾಕ್ ಜನರೇಟರ್ ಎಂಬ ಸಣ್ಣ ಚಿಪ್ಪು ಆ ಕಂಪನವನ್ನು ಗುಣಿಸಿ, ಭಾಗಿಸಿ 66, 75, 83, 100 ಮುಂತಾದ ವೇಗಗಳನ್ನು ತಯಾರಿಸುತ್ತದೆ. ಯಾವುದನ್ನು ಕೊಡಬೇಕು ಎಂಬುದು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಒಂದು ಸಂಪರ್ಕ ಬಿಂದುವಿನಿಂದ ಬೋರ್ಡಿಗೆ ತಿಳಿಯುತ್ತಿತ್ತು. ಅದು ನೆಲಕ್ಕೆ ಜೋಡಿಸಿದ್ದರೆ 66, ತೆರೆದಿದ್ದರೆ 100. ಸೆಲೆರಾನ್‌ನಲ್ಲಿ ಅದು ನೆಲಕ್ಕೆ ಜೋಡಿಸಿರುತ್ತಿತ್ತು.

ಹಾಗಾಗಿ, ಯಂತ್ರ ಶುರುವಾಗುವಾಗ ತೆರೆಯುವ ಬಯೋಸ್ ಮೆನುವಿನಲ್ಲಿ ವೇಗ ಬದಲಿಸಲು ಬಿಡದ ಬೋರ್ಡು ಕೈಗೆ ಸಿಕ್ಕಾಗ, ಬ್ಲೇಡಿನಲ್ಲಿ ಸೆಲೋಟೇಪಿನ ಒಂದು ಎಳೆ ಸೀಳಿ ಆ ಬಿಂದುವಿನ ಮೇಲಷ್ಟೇ ಅಂಟಿಸುತ್ತಿದ್ದೆವು. ಕಾರ್ಡಿನ ಅಂಚಿನಲ್ಲಿ ಚಿನ್ನದ ಲೇಪದ ಸಂಪರ್ಕಗಳು ಒತ್ತೊತ್ತಾಗಿ ಕೂತಿರುತ್ತವೆ. ಟೇಪು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಪಕ್ಕದ ಬಿಂದು ಮುಚ್ಚಿಹೋಗಿ ಯಂತ್ರ ಎದ್ದೇಳದು. ಸ್ಲಾಟಿಗೆ ಕಾರ್ಡನ್ನು ನೂಕುವಾಗ ಟೇಪು ಮುದುಡುವುದೂ ಉಂಟು. ಕೆಲವರು ಟೇಪಿನ ಬದಲು ಉಗುರುಬಣ್ಣ ಹಚ್ಚುತ್ತಿದ್ದರು. ಅಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಈ ಯಾವ ಪಾಡೂ ಇರಲಿಲ್ಲ. ಬಯೋಸ್‌ನೊಳಗೆ ಸಾಫ್ಟ್‌ಮೆನು ಎಂಬ ಪುಟ ತೆರೆದು ಬಸ್ ವೇಗ, ವೋಲ್ಟೇಜು ಎರಡನ್ನೂ ಕೀಬೋರ್ಡಿನಿಂದಲೇ ಬದಲಿಸಬಹುದಿತ್ತು. ಅದರಲ್ಲಿದ್ದ 440ಬಿಎಕ್ಸ್ ಚಿಪ್‌ಸೆಟ್ 100 ಮೆಗಾಹರ್ಟ್ಸ್ ಬಸ್ಸಿಗೆಂದೇ ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದದ್ದು. ಎಂದರೆ ಬೋರ್ಡು ತನ್ನ ಮಿತಿಯೊಳಗೇ ಓಡುತ್ತಿತ್ತು. ಮಿತಿ ದಾಟುತ್ತಿದ್ದದ್ದು ಪ್ರೊಸೆಸರ್ ಮಾತ್ರ.

ಆ ಪ್ರೊಸೆಸರ್ ಮಿತಿ ದಾಟಿಯೂ ತಡೆದುಕೊಂಡದ್ದಕ್ಕೆ ಕಾರಣವಿದೆ. ಅದೇ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ಗೆ ಎರಡನೇ ಹಂತದ ಕ್ಯಾಶೆಯೇ, ಎಂದರೆ ಪದೇ ಪದೇ ಬೇಕಾಗುವ ದತ್ತಾಂಶವನ್ನು ಹತ್ತಿರ ಇಟ್ಟುಕೊಳ್ಳುವ ಸಣ್ಣ ಮೆಮೊರಿಯೇ, ಇರಲಿಲ್ಲ. ಓಟದಲ್ಲಿ ಅದು ಹಿಂದೆ ಬಿದ್ದು ಟೀಕೆಗೆ ಗುರಿಯಾಯಿತು. 300ಎಯಲ್ಲಿ ಇಂಟೆಲ್ 128 ಕಿಲೋಬೈಟ್ ಕ್ಯಾಶೆಯನ್ನು ಪ್ರೊಸೆಸರ್ ಇರುವ ಸಿಲಿಕಾನ್ ಬಿಲ್ಲೆಯೊಳಗೇ ಕೂರಿಸಿತು. ಅದು ಪ್ರೊಸೆಸರ್‌ನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇತ್ತಾದರೂ ಅದು ಕಾರ್ಡಿನ ಮೇಲೆ ಬೇರೆ ಚಿಪ್ಪುಗಳಲ್ಲಿತ್ತು, ಅರ್ಧ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ನ್ನು ಏರಿಸಲು ಹೋದರೆ ಆ ಹೊರಗಿನ ಚಿಪ್ಪುಗಳು ಅಡ್ಡಬರುತ್ತಿದ್ದವು. ಸೆಲೆರಾನ್‌ಗೆ ಆ ಹೊರೆ ಇರಲಿಲ್ಲ. ಎರಡೂ ತಯಾರಾಗುತ್ತಿದ್ದದ್ದು 0.25 ಮೈಕ್ರಾನ್ ತಂತ್ರದಲ್ಲಿ. ಒಂದಕ್ಕೆ 300 ಎಂದು ಹೆಸರಿಟ್ಟದ್ದು ಕಡಿಮೆ ಬೆಲೆಯ ಗಿರಾಕಿಗಾಗಿ. ಸಿಲಿಕಾನ್‌ಗೆ ಅದಕ್ಕಿಂತ ಹೆಚ್ಚು ತಾಕತ್ತಿತ್ತು.

ಬಸ್ಸನ್ನು ಏರಿಸುವುದರಲ್ಲಿ ಇನ್ನೊಂದು ಲಾಭವಿದೆ, ಗುಣಕ ಏರಿಸಿದರೆ ಸಿಗದಂಥದ್ದು. ಮೆಮೊರಿಯ ದಾರಿಯೂ ಅಗಲವಾಗುತ್ತದೆ. 66 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 533 ಮೆಗಾಬೈಟ್ ಸಾಗಬಲ್ಲ ದಾರಿಯಲ್ಲಿ 100 ಮೆಗಾಹರ್ಟ್ಸ್‌ಗೆ 800 ಮೆಗಾಬೈಟ್ ಸಾಗುತ್ತದೆ. ಫೋಟೋಶಾಪಿನಲ್ಲಿ ದೊಡ್ಡ ಚಿತ್ರಕ್ಕೆ ಫಿಲ್ಟರ್ ಹಾಕುವವರಿಗೆ, ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ, ಕ್ವೇಕ್ ಆಡುವ ಹುಡುಗರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತಿತ್ತು. ಪತ್ರ ಟೈಪು ಮಾಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಂಥವರಿಗೆ ನಾನು ಏರಿಸಿ ಕೊಡುತ್ತಿರಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬಸ್ ಏರಿಸಿದರೆ ಪ್ರೊಸೆಸರ್ ಒಂದೇ ವೇಗವಾಗುತ್ತದೆ ಎಂದು ತಿಳಿದವರು ಬಹಳ. ಹಾಗಲ್ಲ. ಭಜನೆ ಮಂಡಳಿಯಲ್ಲಿ ತಾಳ ಹಾಕುವವನು ಲಯ ಏರಿಸಿದರೆ ಹಾಡುವವರೆಲ್ಲ ಏರಬೇಕು. ಉಸಿರು ಸಾಲದವನು ನಡುವೆ ಅಕ್ಷರ ನುಂಗುತ್ತಾನೆ, ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಬೋರ್ಡಿನ ಮೇಲೂ ಹಾಗೇ. ಮೆಮೊರಿ ನೇರವಾಗಿ ಬಸ್ಸಿನ ವೇಗಕ್ಕೇ ಓಡುತ್ತದೆ. ಡಿಸ್ಪ್ಲೇ ಕಾರ್ಡು ಕೂರುವ ಎಜಿಪಿ, ಉಳಿದ ಕಾರ್ಡುಗಳು ಕೂರುವ ಪಿಸಿಐ, ಹಾರ್ಡ್ ಡಿಸ್ಕನ್ನು ನಡೆಸುವ ಐಡಿಇ ಕಂಟ್ರೋಲರ್ ಇವೆಲ್ಲಕ್ಕೂ ವೇಗ ಬರುವುದು ಅದೇ ಬಸ್ಸಿನ ವೇಗವನ್ನು ಭಾಗಿಸಿ.

ಈ ಭಾಗಾಕಾರದಲ್ಲೇ ಎಲ್ಲ ಇರುವುದು. ಪಿಸಿಐಗೆ ನಿಗದಿಯಾದ ವೇಗ 33 ಮೆಗಾಹರ್ಟ್ಸ್. ಬಸ್ 66 ಇದ್ದಾಗ ಎರಡರಿಂದ ಭಾಗಿಸಿದರೆ 33 ಬರುತ್ತದೆ, ಸರಿ. ಬಸ್ 100 ಆದಾಗ ಬಿಎಕ್ಸ್ ಬೋರ್ಡು ಮೂರರಿಂದ ಭಾಗಿಸುತ್ತದೆ. ಆಗಲೂ 33, ಸರಿ. ಎಜಿಪಿಯದೂ ಹಾಗೇ: 66ರಲ್ಲಿ ಇದ್ದಷ್ಟೇ, 100ರಲ್ಲಿ ಮೂರನೇ ಎರಡು ಭಾಗ, ಎರಡೂ ಸಲ 66. ನಡುವಿನ ವೇಗಗಳಲ್ಲಿ ಈ ಹೊಂದಾಣಿಕೆ ಇಲ್ಲ. 83ರಲ್ಲಿ ನಮ್ಮ ಕೈಗೆ ಬರುತ್ತಿದ್ದ ಅನೇಕ ಬೋರ್ಡುಗಳು ಎರಡರಿಂದಲೇ ಭಾಗಿಸುತ್ತಿದ್ದವು. ಪಿಸಿಐ 41 ದಾಟುತ್ತಿತ್ತು, ಎಜಿಪಿ 83 ಆಗುತ್ತಿತ್ತು. ನಿಗದಿಗಿಂತ ಕಾಲು ಭಾಗ ಹೆಚ್ಚು. ಪ್ರೊಸೆಸರ್ ಆಗ ಇರುವುದು 375ರಲ್ಲಿ, ಅದಕ್ಕೆ ಯಾವ ಆಯಾಸವೂ ಇಲ್ಲ. ಉಸಿರು ಕಟ್ಟುವುದು ಡಿಸ್ಕಿಗೆ. ಕಡಿಮೆ ಏರಿಸಿದ್ದೇ ಹೆಚ್ಚು ಅಪಾಯ, ಹೆಚ್ಚು ಏರಿಸಿದ್ದೇ ಕ್ಷೇಮ. ಕೇಳುವವರಿಗೆ ಉಲ್ಟಾ ಅನ್ನಿಸುವ ಈ ಸಂಗತಿಯನ್ನು ನಂಬಿಸುವುದಕ್ಕೆ ನಾನು ಎಷ್ಟೋ ಸಲ ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದ್ದೇನೆ. ‘100 ಬೇಡ, ಭಯ ಆಗುತ್ತೆ, 83ಕ್ಕೆ ಇಟ್ಟುಕೊಡಿ’ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ: ಭಯವಿದ್ದರೆ 66ರಲ್ಲೇ ಇರಲಿ.

1999ರ ಬೇಸಿಗೆಯಲ್ಲಿ ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಿಂದ ಕರೆ ಬಂತು. ಬೇರೆಯವರು ಜೋಡಿಸಿ ಕೊಟ್ಟಿದ್ದ ಯಂತ್ರ. ಲಗ್ನಪತ್ರಿಕೆ, ಕರಪತ್ರ, ಸಣ್ಣ ಪುಸ್ತಕಗಳ ಕೆಲಸ ಅಲ್ಲಿ ನಡೆಯುತ್ತಿತ್ತು. ಮದುವೆಯ ಕಾಲ, ಕೆಲಸ ಮೈತುಂಬ.

“ವೈರಸ್ ಹೊಡೆದಿರಬೇಕು ನೋಡಪ್ಪಾ. ನಿನ್ನೆ ತೆಗೆದ ಫೈಲು ಇವತ್ತು ತೆಗೀತಾನೇ ಇಲ್ಲ” ಎಂದರು ಮಾಲೀಕರು. ಆ ಏಪ್ರಿಲ್ 26ರಂದಷ್ಟೇ ಸಿಐಎಚ್ ವೈರಸ್ ಎಷ್ಟೋ ಕಂಪ್ಯೂಟರುಗಳ ಡಿಸ್ಕನ್ನೂ ಬಯೋಸನ್ನೂ ಅಳಿಸಿಹಾಕಿತ್ತು. ಏನೇ ಕೆಟ್ಟರೂ ಜನ ವೈರಸ್ಸಿನ ಮೇಲೆ ಹೇಳುತ್ತಿದ್ದ ದಿನಗಳು ಅವು.

“ಯಾವಾಗಿಂದ ಸಾರ್ ಹೀಗೆ?”

“ಸ್ಪೀಡು ಜಾಸ್ತಿ ಮಾಡಿಸಿಕೊಂಡ ಮೇಲೆ ಅನ್ಸುತ್ತೆ. ಆದ್ರೆ ಅದಕ್ಕೂ ಫೈಲಿಗೂ ಏನಪ್ಪಾ ಸಂಬಂಧ?”

ಬಯೋಸ್ ತೆರೆದು ನೋಡಿದೆ. ಬಸ್ 83ರಲ್ಲಿತ್ತು. ಯಂತ್ರ ಒಂದು ದಿನವೂ ನಿಂತುಹೋಗಿರಲಿಲ್ಲ, ನೀಲಿ ಪರದೆಯೂ ಬಂದಿರಲಿಲ್ಲ. ನೋಡುವುದಕ್ಕೆ ಎಲ್ಲ ಸರಿಯಾಗಿತ್ತು. ಒಂದು ದೊಡ್ಡ ಜಿಪ್ ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ನಕಲು ಮಾಡಿ, ನಕಲನ್ನು ಪರೀಕ್ಷೆಗೆ ಹಾಕಿದೆ. ಜಿಪ್ ಫೈಲಿನಲ್ಲಿ ಒಳಗಿನ ಪ್ರತಿ ಫೈಲಿಗೂ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಇರುತ್ತದೆ. ಒಂದು ಬಿಟ್ ಆಚೀಚೆಯಾದರೂ ಅದು ಸಿಕ್ಕಿಬೀಳುತ್ತದೆ. ಮೂಲ ಸರಿಯಿತ್ತು, ನಕಲಿನಲ್ಲಿ ತಾಳೆ ತಪ್ಪಿತ್ತು. ಮತ್ತೆ ನಕಲು ಮಾಡಿದರೆ ಈ ಸಲ ಇನ್ನೊಂದು ಫೈಲಿನಲ್ಲಿ ತಪ್ಪು. ಆ ಯಂತ್ರದ ವಿಂಡೋಸ್ 98ರಲ್ಲಿ ಡಿಎಂಎ ಆಯ್ಕೆಗೆ ಟಿಕ್ ಹಾಕಿರಲಿಲ್ಲ. ಅಲ್ಟ್ರಾ ಡಿಎಂಎ ವಿಧಾನದಲ್ಲಿ ಕೇಬಲ್ಲಿನಲ್ಲಿ ಸಾಗುವ ದತ್ತಾಂಶಕ್ಕೂ ತಾಳೆ ನೋಡುವ ವ್ಯವಸ್ಥೆ ಇದೆ. ಹಳೆಯ ಪಿಐಒ ವಿಧಾನದಲ್ಲಿ ಅದಿಲ್ಲ. ಕೆಟ್ಟ ಬೈಟು ಕೆಟ್ಟದ್ದಾಗಿಯೇ ಡಿಸ್ಕಿಗೆ ಹೋಗಿ ಕೂರುತ್ತಿತ್ತು, ತಡೆಯುವವರಿಲ್ಲ, ಹೇಳುವವರಿಲ್ಲ.

ಬಸ್ಸನ್ನು 66ಕ್ಕೆ ಇಳಿಸಿದೆ. ನಕಲುಗಳಲ್ಲಿ ತಪ್ಪು ನಿಂತಿತು. ಆದರೆ ಆಗಲೇ ಕೆಟ್ಟಿದ್ದ ಫೈಲುಗಳು ಕೆಟ್ಟೇ ಇದ್ದವು. ಮಾಲೀಕರು ಜಾಗರೂಕರು, ವಾರವಾರ ಬ್ಯಾಕಪ್ ತೆಗೆದಿಟ್ಟಿದ್ದರು. ಒಂದೊಂದೇ ಡಿಸ್ಕ್ ಹಾಕಿ ತೆರೆಯುತ್ತಾ ಹೋದೆವು. ಒಂದು ಪುಸ್ತಕದ ಕೆಲವು ಅಧ್ಯಾಯಗಳು ತೆರೆದವು. ತೆರೆದುಕೊಂಡ ಪುಟಗಳಲ್ಲೂ ಅಲ್ಲಲ್ಲಿ ಕನ್ನಡ ಅಕ್ಷರಗಳ ನಡುವೆ ಚೌಕಗಳು, ಎಲ್ಲಿಂದಲೋ ಬಂದು ಸೇರಿದ ಚಿಹ್ನೆಗಳು. ಬ್ಯಾಕಪ್ ತೆಗೆದದ್ದೂ ಅದೇ ಯಂತ್ರದಲ್ಲಿ ತಾನೆ! ಕೆಡಿಸುತ್ತಿದ್ದ ದಾರಿಯಲ್ಲೇ ಬ್ಯಾಕಪ್ಪೂ ಹಾದುಹೋಗಿತ್ತು. ವೇಗ ಏರಿಸುವ ಮುಂಚಿನ ಡಿಸ್ಕುಗಳು ಮಾತ್ರ ಪೂರ್ತಿ ನೆಟ್ಟಗಿದ್ದವು. ಉಳಿದದ್ದನ್ನು ಕರಡು ಪ್ರತಿ ಇಟ್ಟುಕೊಂಡು ಮತ್ತೆ ಟೈಪು ಮಾಡಿಸಿದರು. ಹಗಲಿಡೀ ಕೂತು ಅಕ್ಷರ ಕೂರಿಸಿದ ಅಂಗಡಿಯ ಟೈಪಿಸ್ಟ್ ಹೆಣ್ಣುಮಗಳ ಶ್ರಮವೆಲ್ಲ ಹಾಳಾದದ್ದು 300ರಿಂದ 375ಕ್ಕೆ ಏರಿದ ಒಂದು ಸಂಖ್ಯೆಗಾಗಿ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಆ ದಿನದಿಂದ ಪರೀಕ್ಷೆಯ ವಿಧಾನವನ್ನೇ ಬದಲಿಸಿದೆ. ಯಂತ್ರ ಎದ್ದಿತು, ವಿಂಡೋಸ್ ಬಂತು, ಆಟ ಓಡಿತು ಎಂಬುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಯಂತ್ರದಿಂದ ಮಾಡಿಸಿ ತಾಳೆ ನೋಡುವುದೊಂದೇ ನಂಬಬಹುದಾದ ದಾರಿ. ಪ್ರೊಸೆಸರ್‌ಗೆ ಪ್ರೈಮ್95. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಬರೆದ ಈ ತಂತ್ರಾಂಶದಲ್ಲಿ ಚಿಪ್ಪಿಗೆ ಬಿಡುವು ಕೊಡದೆ ಲೆಕ್ಕ ಮಾಡಿಸಿ, ಗೊತ್ತಿರುವ ಉತ್ತರಕ್ಕೆ ಹೋಲಿಸುವ ಪರೀಕ್ಷೆ ಇದೆ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಬೇಕು. ಡಿಸ್ಕಿಗೆ ಆಗಲೇ ಹೇಳಿದ ಜಿಪ್ ನಕಲು, ಒಂದಾದ ಮೇಲೊಂದು. ಮೆಮೊರಿಗೆ ಬೇರೆ ಉಪಾಯವಿಲ್ಲ, ಒಳ್ಳೆಯದನ್ನೇ ಕೊಳ್ಳಬೇಕು. 66ರಲ್ಲಿ ಒಂದು ಸುತ್ತಿಗೆ 15 ನ್ಯಾನೋಸೆಕೆಂಡ್ ಸಿಗುತ್ತದೆ, 100ರಲ್ಲಿ 10 ಮಾತ್ರ. ಪಿಸಿ100 ಎಂದು ಚೀಟಿ ಅಂಟಿಸಿ ಹಳೆಯ ರ‍್ಯಾಮ್ ಮಾರುವವರಿದ್ದರು. ಚೀಟಿ ಬಿಟ್ಟು ಚಿಪ್ಪಿನ ಮೇಲಿನ ಅಚ್ಚನ್ನೇ ಓದುವುದು ರೂಢಿಯಾಯಿತು. ನಾವು ಬಳಸುತ್ತಿದ್ದ ಸಾಮಾನ್ಯ ರ‍್ಯಾಮಿನಲ್ಲಿ ತಪ್ಪು ಪತ್ತೆ ಮಾಡುವ ವ್ಯವಸ್ಥೆ ಇರಲಿಲ್ಲ. ಇಂದಿನ ಮನೆಬಳಕೆಯ ಬಹುಪಾಲು ಕಂಪ್ಯೂಟರುಗಳಲ್ಲೂ ಅದು ಪೂರ್ತಿಯಾಗಿ ಇಲ್ಲ.

ವೋಲ್ಟೇಜಿನ ವಿಷಯದಲ್ಲಿ ನನ್ನ ಪಟ್ಟು ಬಿಗಿ. 300ಎಗೆ ನಿಗದಿ 2.0 ವೋಲ್ಟ್. ಎಲ್ಲ ಚಿಪ್ಪುಗಳೂ ಒಂದೇ ಅಲ್ಲ. ಬಹಳಷ್ಟು ಅದೇ ವೋಲ್ಟೇಜಿನಲ್ಲಿ 450 ಮುಟ್ಟುತ್ತಿದ್ದವು, ಕೆಲವು ಮುಟ್ಟುತ್ತಿರಲಿಲ್ಲ. ಮುಟ್ಟದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ಓಡುತ್ತದೆ, ನಿಜ. ಆದರೆ ಚಿಪ್ಪು ನುಂಗುವ ವಿದ್ಯುತ್ತು ವೇಗ ಏರಿದಷ್ಟೇ ಏರಿದರೆ, ವೋಲ್ಟೇಜಿಗೆ ಅದರ ವರ್ಗದಷ್ಟು ಏರುತ್ತದೆ. 2.0ರಿಂದ 2.2ಕ್ಕೆ ಹೋದರೆ ಅದೊಂದರಿಂದಲೇ 1.21 ಪಟ್ಟು; ವೇಗದ ಒಂದೂವರೆ ಪಟ್ಟು ಸೇರಿಸಿದರೆ 1.8 ಪಟ್ಟು. ಅಷ್ಟೂ ಶಾಖವಾಗಿ ಹೊರಗೆ ಬರಬೇಕು. ಶಾಖ ಏರಿದರೆ ಆ ಕಾಲದ ಚಿಪ್ಪಿನ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ, ನಿಧಾನವಾದವು ಗಡಿಯಾರ ತಪ್ಪಿಸುತ್ತವೆ. ಜನವರಿಯ ಬೆಂಗಳೂರಿನಲ್ಲಿ ಇಡೀ ರಾತ್ರಿ ಪ್ರೈಮ್95 ಪಾಸಾದ ಯಂತ್ರ ಮೇ ತಿಂಗಳಲ್ಲಿ ಕಲಬುರಗಿಯ ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಅದಕ್ಕೇ ಪರೀಕ್ಷೆಯ ಹೊತ್ತಿಗೆ ಕಿಟಕಿ ಮುಚ್ಚಿ, ಕ್ಯಾಬಿನೆಟ್ಟಿನ ಬಾಗಿಲನ್ನೂ ಹಾಕಿಯೇ ಓಡಿಸುತ್ತಿದ್ದೆ. ಹೀಟ್‌ಸಿಂಕಿನ ಕೆಳಗೆ ಹಚ್ಚುವ ಪೇಸ್ಟನ್ನು ದಪ್ಪಗೆ ಮೆತ್ತಿದರೆ ಅದೇ ಶಾಖಕ್ಕೆ ಅಡ್ಡಗೋಡೆ. ತೆಳ್ಳಗೆ, ಲೋಹದ ಬಣ್ಣ ಅರೆಬರೆ ಕಾಣುವಷ್ಟು ಸವರಿದರೆ ಸಾಕು. ನಿಗದಿ ವೋಲ್ಟೇಜಿನಲ್ಲಿ 450 ಮುಟ್ಟದ ಚಿಪ್ಪನ್ನು 300ರಲ್ಲೇ ಬಿಟ್ಟುಬಿಡುತ್ತಿದ್ದೆ. 112ಕ್ಕೆ ಏರಿಸಿ 504 ಮಾಡಿ ತೋರಿಸುವವರಿದ್ದರು. ಅಲ್ಲಿ ಪಿಸಿಐ ಮತ್ತೆ 37 ದಾಟುತ್ತದೆ. ಗಿರಾಕಿಯ ಕೆಲಸದ ಯಂತ್ರದಲ್ಲಿ ಅದು ಕೂಡದು.

ಹಣದ ವಿಷಯವನ್ನೂ ಹೇಳಬೇಕು. ಏರಿಸಿದ 300ಎಯನ್ನು ಸುಮ್ಮನೆ 450ರ ಯಂತ್ರವೆಂದು ಮಾರಿದವರನ್ನು ನಾನು ಕಂಡಿದ್ದೇನೆ. ಗಿರಾಕಿಗೆ ಗೊತ್ತಿಲ್ಲದೆ ಏರಿಸುವುದಕ್ಕೂ ಚಿಪ್ಪಿನ ಮೇಲಿನ ಗುರುತು ಅಳಿಸುವುದಕ್ಕೂ ವ್ಯತ್ಯಾಸವಿಲ್ಲ. ನನ್ನ ಬಿಲ್ಲಿನಲ್ಲಿ ಚಿಪ್ಪಿನ ನಿಜವಾದ ಹೆಸರು, ನಾನು ಇಟ್ಟ ಬಸ್ ವೇಗ, ವೋಲ್ಟೇಜು, ಕಂಪನಿಯ ವಾರಂಟಿ ಇದಕ್ಕೆ ಅನ್ವಯಿಸದು ಎಂಬ ಮಾತು, ಮತ್ತೆ 66ಕ್ಕೆ ಇಳಿಸುವುದು ಹೇಗೆ ಎಂಬ ನಾಲ್ಕು ಸಾಲು ಇರುತ್ತಿದ್ದವು. ಓದಿದ ಮೇಲೆ ಕೆಲವರು ಬೇಡ ಎಂದರು. ಬೇಡ ಎನ್ನುವುದು ಅವರ ಹಕ್ಕು.

ಮುಂದಿನ ವರ್ಷಗಳಲ್ಲಿ ಈ ವಿದ್ಯೆ ಬೇರೆ ಬೇರೆ ರೂಪದಲ್ಲಿ ಬಂತು. ಎಎಂಡಿಯ ಅಥ್ಲಾನ್ ಎಕ್ಸ್‌ಪಿ 2500+ ಚಿಪ್ಪಿನ ಬಸ್ಸನ್ನು 166ರಿಂದ 200ಕ್ಕೆ ಏರಿಸಿದರೆ ಅದೇ ಕುಟುಂಬದ 3200+ ವೇಗ ಸಿಗುತ್ತಿತ್ತು. ಎನ್‌ಫೋರ್ಸ್2 ಚಿಪ್‌ಸೆಟ್ ಇದ್ದ ಬೋರ್ಡುಗಳಲ್ಲಿ ಪಿಸಿಐ, ಎಜಿಪಿ ವೇಗವನ್ನು ಬಸ್ಸಿನಿಂದ ಬೇರ್ಪಡಿಸಿ ಸ್ಥಿರವಾಗಿ ನಿಲ್ಲಿಸಬಹುದಿತ್ತು. ನಮ್ಮ 83ರ ಪಿಡುಗಿಗೆ ಸಿಕ್ಕ ಸರಿಯಾದ ಮದ್ದು ಅದು. ಕೋರ್ 2 ಡ್ಯುಯೋ ಇ6300ರಲ್ಲಿ 266ರ ಬಸ್ಸನ್ನು 400ರವರೆಗೆ ಒಯ್ದವರಿದ್ದಾರೆ. 2011ರ ಜನವರಿಯಲ್ಲಿ ಇಂಟೆಲ್ಲಿನ ಸ್ಯಾಂಡಿ ಬ್ರಿಜ್ ಚಿಪ್ಪುಗಳು ಬಂದಾಗ ಕಥೆ ತಿರುಗಿತು. 100 ಮೆಗಾಹರ್ಟ್ಸ್‌ನ ಒಂದೇ ಮೂಲ ವೇಗಕ್ಕೆ ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕಿನ ಸಾಟಾ ಎಲ್ಲವನ್ನೂ ಕಟ್ಟಿಹಾಕಿದರು. ಅದನ್ನು ಶೇಕಡ ಕೆಲವಷ್ಟು ಏರಿಸುವಷ್ಟರಲ್ಲೇ ಎಲ್ಲ ತಡವರಿಸುತ್ತಿತ್ತು. ಏರಿಸಬೇಕೆಂದರೆ ಗುಣಕದ ಬೀಗ ತೆಗೆದ ಕೆ ಸರಣಿಯ ಚಿಪ್ಪನ್ನು ಹೆಚ್ಚು ಹಣ ಕೊಟ್ಟು ಕೊಳ್ಳಬೇಕು. 2015ರ ಕೊನೆಯಲ್ಲಿ ಸ್ಕೈಲೇಕ್ ಚಿಪ್ಪುಗಳಿಗೆ ಕೆಲವು ಬೋರ್ಡು ಕಂಪನಿಗಳು ಮೂಲ ವೇಗ ಏರಿಸುವ ಬಯೋಸ್ ಕೊಟ್ಟವು. ಮರುವರ್ಷದ ಆರಂಭದಲ್ಲೇ ಇಂಟೆಲ್ ಅದನ್ನು ನಿಲ್ಲಿಸಿತು. ಇಂದಿನ ಪ್ರೊಸೆಸರ್‌ಗಳು ತಮ್ಮ ಮಿತಿಯ ಹತ್ತಿರದವರೆಗೆ ತಾವಾಗಿಯೇ ಏರುತ್ತವೆ. 149 ಡಾಲರಿನ ಚಿಪ್ಪಿನಲ್ಲಿ ಒಂದೂವರೆ ಪಟ್ಟು ತಾಕತ್ತು ಬಳಸದೆ ಬಿದ್ದಿರುವ ಕಾಲ ಈಗಿಲ್ಲ.

ಆದರೂ ಹಳೆಯ ಯಂತ್ರಗಳ ಮೇಲಿನ ಪ್ರೀತಿ ಈಗ ಹೊಸ ಹುಡುಗರಲ್ಲಿ ಕಾಣುತ್ತಿದೆ. ಅಟ್ಟದಿಂದ ಅಪ್ಪನ ಕಾಲದ ಪಿಸಿ ಇಳಿಸಿ, ಧೂಳು ಒರೆಸಿ, 300ಎಯನ್ನು 450ಕ್ಕೆ ಓಡಿಸಿ ನೋಡುತ್ತೇವೆ ಎಂದು ನನ್ನ ಹತ್ತಿರ ಬರುವವರಿದ್ದಾರೆ. ಖಂಡಿತ ಓಡಿಸಿ, ಅದು ಕಲಿಯಬೇಕಾದ ಕೆಲಸವೇ. ಆದರೆ ಮೊದಲು ಆ ಯಂತ್ರದ ಹಾರ್ಡ್ ಡಿಸ್ಕನ್ನು ಬಿಚ್ಚಿ, ಅದರಲ್ಲಿರುವ ಫೋಟೋಗಳನ್ನೂ ಪತ್ರಗಳನ್ನೂ ವೇಗ ಏರಿಸದ ಇನ್ನೊಂದು ಕಂಪ್ಯೂಟರಿನಲ್ಲಿ ನಕಲು ಮಾಡಿ ತೆಗೆದಿಡಿ. ನಿಮ್ಮ ಪ್ರಯೋಗಕ್ಕೆ ಬೇರೊಂದು ಖಾಲಿ ಡಿಸ್ಕ್ ಹಾಕಿಕೊಳ್ಳಿ. ಬಸ್ಸನ್ನು 66ರಿಂದ ನೇರವಾಗಿ 100ಕ್ಕೆ ಇಡಿ, 83ಕ್ಕೆ ಮಾತ್ರ ಹೋಗಬೇಡಿ.